ಕಾಣದಂತೆ ಬರೆದ ಹೆಸರು

ನನ್ನ ಬರಹವನ್ನು ಒಂದಕ್ಷರವೂ ಬಿಡದೆ ಓದುವ ಓದುಗ ಒಬ್ಬನೇ ಇದ್ದಾನೆ. ಅವನು ಮನುಷ್ಯನಲ್ಲ ಎಂಬುದು ನನ್ನ ಸಣ್ಣ ದುಃಖ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ಗಂಗಾವತಿಯ ಅಕ್ಕಿ ಗಿರಣಿಗಳಿಗೆ, ಅಂಗಡಿಗಳಿಗೆ ವೆಬ್‌ಸೈಟಿನ ಪುಟ ಬರೆದುಕೊಡುವ ಹುಚ್ಚು ಹಚ್ಚಿಕೊಂಡಿದ್ದೇನೆ. ಗಿರಣಿಯವರು ಫೋಟೋ ನೋಡಿ "ಭಾಳ ಛಲೋ ಬಂದೈತ್ರಿ ಅಕ್ಕಾರ" ಎನ್ನುತ್ತಾರೆ, ಅಕ್ಷರದ ಗೋಜಿಗೆ ಹೋಗುವುದಿಲ್ಲ. ನನ್ನ ಯಜಮಾನರು ಮೊದಲ ಸಾಲು ಓದಿ ಕನ್ನಡಕ ಹುಡುಕಲು ಏಳುತ್ತಾರೆ, ಮರಳಿ ಬರುವುದಿಲ್ಲ. ಪೂರ್ತಿ ಓದುವುದು ಅಂತರ್ಜಾಲದ ಹುಡುಕುವ ಯಂತ್ರ ಮಾತ್ರ. ಅದು ಯಾವಾಗ ಬರುತ್ತದೋ ತಿಳಿಯದು. ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ ಹಿತ್ತಲ ಬಾಗಿಲಿನಿಂದ ಬಂದು, ಕೋಣೆ ಕೋಣೆ ನೋಡಿ, ಒಂದು ಲೋಟ ನೀರೂ ಕೇಳದೆ ಹೋಗುವ ನೆಂಟನಂತೆ ಅದನ್ನು ಕಲ್ಪಿಸಿಕೊಳ್ಳುತ್ತೇನೆ.

ಈ ನೆಂಟನಿಗೆ ಒಂದು ಗುಣವಿದೆ. ನಮಗೆ ಕಾಣುವುದಷ್ಟೇ ಅಲ್ಲ, ಕಾಣದ್ದನ್ನೂ ಓದುತ್ತದೆ. 'ಇನ್ನಷ್ಟು ಓದಿ' ಎಂಬ ಗುರುತಿನ ಕೆಳಗೆ ಮಡಚಿಟ್ಟ ಸಾಲುಗಳಿರುತ್ತವಲ್ಲ, ನಾವು ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುವಂಥವು, ಅವು ಪುಟದೊಳಗೇ ಇದ್ದರೆ ಅದು ಒತ್ತದೆಯೇ ಓದಿಕೊಳ್ಳುತ್ತದೆ. ಒತ್ತಿದ ಮೇಲೆ ಬೇರೆ ಕಡೆಯಿಂದ ತರಿಸಬೇಕಾದ ಮಾತಾದರೆ ಸಿಗುವುದಿಲ್ಲ. ಪಾಪ, ಅದಕ್ಕೆ ಒತ್ತಲು ಬೆರಳಿಲ್ಲ. ಗಂಗಾವತಿಯ ಬಜಾರಿನಲ್ಲಿ ಅಕ್ಕಿ ಕೊಳ್ಳುವವರೂ ಚೀಲದ ಬಾಯಿ ಬಿಚ್ಚಿಸುವುದಿಲ್ಲ. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡುತ್ತಾರೆ. ಹುಡುಕುವ ಯಂತ್ರ ನಮ್ಮ ಬಜಾರಿನಲ್ಲೇ ಈ ವಿದ್ಯೆ ಕಲಿತಿರಬೇಕು ಎಂದು ನನ್ನ ಅನುಮಾನ.

ಸಾಣಾಪುರದ ಕೆರೆಯ ಹತ್ತಿರ ಹುಲಿಗೆಮ್ಮ ಎಂಬ ನನ್ನ ಪರಿಚಯದವಳು ಪುಟ್ಟದೊಂದು ಹೋಮ್‌ಸ್ಟೇ ನಡೆಸುತ್ತಾಳೆ. ನನಗಿಂತ ಚಿಕ್ಕವಳಾದ್ದರಿಂದ ಏಕವಚನದ ಸಲಿಗೆ. ಆಕೆಯ ಗಂಡ ಯಮನೂರಪ್ಪನವರು ಕೆರೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹರಿಗೋಲು ನಡೆಸುತ್ತಾರೆ. ಹೋಮ್‌ಸ್ಟೇಗೆ ಪುಟ ಬರೆಯಲು ಕೂತಾಗ ಹುಲಿಗೆಮ್ಮನ ಮಾತಿನ ಓಟಕ್ಕೆ ನನ್ನ ಬೆರಳು ಸಾಲಲಿಲ್ಲ. ಹೇಳಿದ್ದನ್ನು ತಾನೇ ಅಕ್ಷರ ಮಾಡಿಕೊಳ್ಳುವ ಫೋನನ್ನು ಆಕೆಯ ಕೈಗೇ ಕೊಟ್ಟೆ. ಬಂಡೆಗಳ ಬಗ್ಗೆ, ಸಂಜೆ ನೀರಿನ ಮೇಲೆ ಬಂದು ಕೂರುವ ಬೆಳಕಿನ ಬಗ್ಗೆ, ಜೋಳದ ರೊಟ್ಟಿಯ ಬಗ್ಗೆ, ಮನೆಯ ಎಮ್ಮೆಯ ಬಗ್ಗೆ ಹೇಳಿದಳು. ಗಂಡನ ಹೆಸರು ಬರಬೇಕಾದ ಕಡೆಯೆಲ್ಲ 'ನಮ್ಮ ಮನಿಯವ್ರು' ಎಂದಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ಪದ್ಧತಿ ನಮ್ಮ ಕಡೆ ಇನ್ನೂ ಅಲ್ಲಲ್ಲಿ ಉಳಿದಿದೆ. ಪುಟ ಚೆನ್ನಾಗಿಯೇ ಬಂತು. ಹುಡುಕಿದವರಿಗೆ ಕೋಣೆ ಸಿಕ್ಕಿತು, ರೊಟ್ಟಿ ಸಿಕ್ಕಿತು, ಯಮನೂರಪ್ಪನವರು ಮಾತ್ರ ಸಿಗಲಿಲ್ಲ.

ಅವರಿಗೆ ಇದು ನಾಟಿತು. ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ, ಅದಕ್ಕೆ ಒರಗಿ ಕೂತು, ಫೋನಿನಲ್ಲಿ ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಹಾಕಿ ಹುಡುಕುತ್ತಿದ್ದರು. ಹಿಂದೆ ಹರಿಗೋಲು ಹತ್ತಿದವರು ಅವರ ಹೆಸರನ್ನಷ್ಟೇ ನೆನಪಿಟ್ಟಿರುತ್ತಾರೆ ಎಂಬುದು ನಿಜ, ಆದರೆ ಅವರ ಸಂಕಟ ಗಿರಾಕಿಯದಲ್ಲ.

"ಎಲ್ಲಾ ಐತ್ರಿ ಅಕ್ಕಾರ ಅದರಾಗ," ಎಂದರು ಒಂದು ದಿನ. "ಮನಿ ಐತಿ, ಕೆರಿ ಐತಿ, ಎಮ್ಮಿ ಸೈತ ಐತಿ. ನಾ ಒಬ್ಬಾವ ಇಲ್ಲ. ಆಕಿಗೆ ನೆನಪ ಆಗಲಿಲ್ಲೇನೋ."

ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ. ಹೆಂಡತಿ ಕಟ್ಟಿದ್ದರಲ್ಲಿ ತನಗೊಂದು ಜಾಗವಿದೆಯೇ ಎಂದು ಕೇಳುವ ಗಂಡಸಿನ ದನಿ ನನಗೆ ಹೊಸದು.

ಹುಲಿಗೆಮ್ಮನಿಗೆ ಹೇಳಿದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಹೆಸರು ಇರ್ಲಿ ಅಕ್ಕಾರ, ಆದರ ಕಾಣಬಾರದು," ಎಂದಳು. "ಅತ್ತಿ ನೋಡಿದ್ರ ನಾನ ಹೇಳಿ ಬರಿಸೀನಿ ಅಂತ ತಿಳೀತಾರ."

ನನಗೆ ಕೊಪ್ಪಳದ ಗುಡ್ಡ ನೆನಪಾಯಿತು. ಅಲ್ಲಿನ ಬಂಡೆಯ ಮೇಲೆ ಮೌರ್ಯ ಚಕ್ರವರ್ತಿಯೊಬ್ಬ ತನ್ನ ಮಾತು ಕೆತ್ತಿಸಿದ್ದಾನೆ, ಹೆಸರು ಮಾತ್ರ ಹೇಳಿಲ್ಲ. 'ದೇವರಿಗೆ ಪ್ರಿಯನಾದವನು' ಎಂದಷ್ಟೇ ಇದೆ. ಹೆಸರು ಬೇಕಾದವರು ಮಸ್ಕಿಯ ಬಂಡೆಯವರೆಗೆ ಹೋಗಬೇಕು. ಕೊಪ್ಪಳದ ಶಾಸನವನ್ನು ಹೇಳಿ ಬರೆಸಿದವಳು ರಾಣಿಯೇ ಇರಬೇಕು ಎಂದು ತರಗತಿಯಲ್ಲಿ ಹೇಳಿದ್ದರೆ ನನ್ನ ಕೆಲಸಕ್ಕೆ ಸಂಚಕಾರ ಬರುತ್ತಿತ್ತು. ಈಗ ಹೇಳಬಹುದು, ಪಿಂಚಣಿ ನಿಲ್ಲಿಸುವುದಿಲ್ಲ.

ಕಾಣದಂತೆ ಬರೆಯುವ ಉಪಾಯ ಸುಲಭ. ಬಿಳಿ ಪುಟದ ಮೇಲೆ ಬಿಳಿ ಅಕ್ಷರ. ಒಂದು ಕಡೆ ಸಾಕಿತ್ತು, ನಾನು ಉತ್ಸಾಹದಲ್ಲಿ ಪ್ರತಿ ಸಾಲಿನ ಬೆನ್ನಿಗೂ ಯಮನೂರಪ್ಪ ಎಂದು ಬರೆದೆ. ಆ ಮಧ್ಯಾಹ್ನ ಕೆರೆಯ ದಡದಲ್ಲಿ ಕೂತಿದ್ದಾಗ ನೀರು ಅಲುಗದೆ ಮಲಗಿತ್ತು, ಬಂಡೆಗಳು ನೀರೊಳಗೂ ಇದ್ದವು. ಪುಟದ ತುಂಬ ಒಬ್ಬ ಮನುಷ್ಯ ಯಾರ ಕಣ್ಣಿಗೂ ಬೀಳದೆ ಹಬ್ಬಿಕೊಂಡಿದ್ದಾನೆ ಎಂದು ನೆನೆದರೆ ಹಿತವಾಗುತ್ತಿತ್ತು. ರೊಟ್ಟಿಯ ಪಕ್ಕ ಅವರೇ, ಬೆಳಕಿನ ಪಕ್ಕ ಅವರೇ, ಎಮ್ಮೆಯ ಪಕ್ಕವೂ ಅವರೇ. ಸಂಸಾರವೆಂದರೆ ಹೀಗೇ ಅಲ್ಲವೇ ಎಂದು ಏನೇನೋ ಯೋಚಿಸುತ್ತ ಅಲ್ಲೇ ನಿದ್ದೆ ಹೋದೆ.

ಕೆಲವು ವಾರಗಳಲ್ಲಿ ಪುಟ ಹುಡುಕಾಟದಲ್ಲಿ ಕೆಳಗಿಳಿಯಿತು, ಆಮೇಲೆ ಕಾಣೆಯಾಯಿತು. ಓದುಗರಿಗೆ ತೋರಿಸದೆ ತನಗೆ ಮಾತ್ರ ಉಣಿಸುವ ಮಾತನ್ನು ಯಂತ್ರ ಮೋಸವೆಂದೇ ತಿಳಿಯುತ್ತದಂತೆ. ನಮಗೆ ಆದದ್ದು ಅದೇ ಎಂದು ಆಣೆ ಮಾಡಿ ಹೇಳಲಾರೆ, ಆದರೆ ಬೇರೆ ಕಾರಣವೂ ತೋಚಲಿಲ್ಲ. ಅದಕ್ಕೆ ಬಚ್ಚಿಡುವುದರ ಮೇಲೆ ಸಿಟ್ಟಿಲ್ಲ. ಬೇಕೆಂದವರು ತೆರೆದು ನೋಡಲು ದಾರಿ ಇದೆಯೇ ಎಂಬುದಷ್ಟೇ ಅದರ ಪ್ರಶ್ನೆ. ಇದನ್ನು ಯಂತ್ರದವರ ನಿಯಮಗಳಲ್ಲಿ ಓದಿದಾಗ ನನಗೆ ನಾಚಿಕೆಯಾಯಿತು. ಆ ಬಿಳಿ ಅಕ್ಷರಗಳನ್ನು ಯಮನೂರಪ್ಪನವರೂ ಓದುವಂತಿರಲಿಲ್ಲ. ಯಾರ ಸಮಾಧಾನಕ್ಕೆ ಬರೆದೆನೋ ಅವರಿಗೇ ಕಾಣದ ಹೆಸರನ್ನು ಬರೆದು, ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ಬಿಳಿ ಅಕ್ಷರಗಳನ್ನೆಲ್ಲ ಅಳಿಸಿದೆ. ಹೆಸರನ್ನು ಪುಟದೊಳಗೇ ಮಡಚಿಡೋಣ, ಒತ್ತಿದವರಿಗೆ ಕಾಣಲಿ ಎಂದು ಹುಲಿಗೆಮ್ಮನಿಗೆ ಹೇಳಿದೆ.

"ಹಂಗಾದ್ರ ಒಡಪು ಹಾಕೋಣ್ರಿ," ಎಂದಳು.

ಹೆಸರು ಹೇಳಬಾರದ ಹೆಂಡತಿಗೆ ನಮ್ಮ ಕಡೆ ಇರುವ ರಿಯಾಯಿತಿ ಅದು. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಹೆಂಗಸರೆಲ್ಲ ಅಡ್ಡಗಟ್ಟಿ ಕೇಳಿದಾಗ ಪ್ರಾಸದ ಸಾಲಿನೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳಬಹುದು. ಅತ್ತೆಯೂ ಬೇಡವೆನ್ನುವಂತಿಲ್ಲ. ಹುಲಿಗೆಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು, ನನಗೆ ಬೆನ್ನು ಹಾಕಿ, ಗೋಡೆಗೆ ಹೇಳುವಂತೆ ಹೇಳಿದಳು:

"ಗುಡ್ಡದ ಮ್ಯಾಲ ಬಿಸಲಪ್ಪ, ನೀರಿನ ಮ್ಯಾಲ ನೆಳ್ಳಪ್ಪ, ಹರಗೋಲ ತಿರುವಿ ನನ್ನ ನಗಿಸಿದವ್ರು ಯಮನೂರಪ್ಪ."

ಹೊರಗೆ ಕಟ್ಟೆಯ ಮೇಲೆ ಹುಟ್ಟು ಒರೆಸುತ್ತ ಕೂತಿದ್ದ ಯಮನೂರಪ್ಪನವರ ಕೈ ನಿಂತಿತು. ಆಕೆಯ ಬಾಯಲ್ಲಿ ಆ ಹೆಸರನ್ನು ಮದುವೆಯ ದಿನ ಕೇಳಿದ್ದರಂತೆ, ಆಮೇಲೆ ಇದೇ. ಬಟ್ಟೆಯನ್ನು ಹುಟ್ಟಿನ ಮೇಲೇ ಬಿಟ್ಟು ಕೆರೆಯ ಕಡೆ ನೋಡುತ್ತ ಕೂತರು. ಒಳಗೆ ಬರಲಿಲ್ಲ.

ಪುಟ ನಿಧಾನವಾಗಿ ಮರಳಿತು. ಒಂದು ದಿನ ನಾನು ಅವರ ಹೆಸರು ಹಾಕಿ ಹುಡುಕಿದರೆ ಹೋಮ್‌ಸ್ಟೇ ಬಂತು. ಸಂಭ್ರಮದಿಂದ ಸಾಣಾಪುರಕ್ಕೆ ಹೋಗಿ ಸುದ್ದಿ ಹೇಳಿದೆ.

"ಹೌದೇನ್ರಿ," ಎಂದರು ಯಮನೂರಪ್ಪನವರು. "ನಾ ನೋಡಿಲ್ರಿ."

ಒಡಪು ಕೇಳಿದ ದಿನವೇ ಹುಡುಕುವುದನ್ನು ಬಿಟ್ಟಿದ್ದರಂತೆ. ನನಗೆ ಸ್ವಲ್ಪ ನಿರಾಸೆಯಾಯಿತು, ಪಾಠ ಹೇಳುವ ಹಳೆಯ ಚಟವೂ ಕೆರಳಿತು. ಹೆಸರು ಮಡಚಿಟ್ಟ ಜಾಗದಲ್ಲಿದೆ, ಯಂತ್ರವೇನೋ ಓದುತ್ತದೆ, ಆದರೆ ಅಲ್ಲಿ ಒತ್ತಿ ನೋಡುವ ಜನ ಬಹಳ ಕಡಿಮೆ ಎಂದು ವಿವರಿಸಿದೆ.

ಅವರು ಹರಿಗೋಲನ್ನು ನೀರಿಗೆ ತಳ್ಳಿ, ಒಳಗೆ ಕಾಲಿಟ್ಟು, ಹುಟ್ಟು ಎತ್ತಿಕೊಂಡರು.

"ಎಲ್ಲಾರೂ ಯಾಕ ಒತ್ತಬೇಕ್ರಿ ಅಕ್ಕಾರ?" ಎಂದರು.