ಮಾದಪ್ಪ ತಾತನ ಹುರುಳಿ ಚೀಲ

“ಸಿಪಾಯಿ ಚೀಲ ಅಲ್ಲ ಸ್ವಾಮಿ ಇದು. ಕುದ್ರೆ ಮೂತಿಗೆ ಕಟ್ಟೋ ಉಳ್ಳಿ ಚೀಲ,” ಎಂದು ಮೇಲ್ವಿಚಾರಕರಿಗೆ ಹೇಳಿದರು ಮಾದಪ್ಪ ತಾತ, ಗಾಜಿನ ಪೆಟ್ಟಿಗೆಯ ಮುಂದೆ ನಿಂತು. ಒಳಗಿನ ಚೀಟಿಯಲ್ಲಿ ‘ಸಿಪಾಯಿಯ ಹೆಗಲ ಚೀಲ’ ಎಂದು ಬರೆದಿತ್ತು.

ಐವತ್ತರ ದಶಕದಲ್ಲಿ ಭೀಮನಬೀಡಿನ ನಮ್ಮ ಭಜನೆ ಮಂಡಳಿಯವರು ಚಾಮರಾಜನಗರದ ಪುಟ್ಟ ಸೈನಿಕ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಮೊದಲ ಮಹಾಯುದ್ಧದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದೆ ಎಂದು ತಾತ ಹೇಳಿದಾಗಲೆಲ್ಲ ನಾವು ಮುಸಿಮುಸಿ ನಗುತ್ತಿದ್ದೆವು. ಅಲ್ಲಿಯೂ ನಾಚಿಕೆಯಾಗಿ ನಾನು ಅವರ ಅಂಗಿ ಜಗ್ಗಿದೆ.

ತಾತ ಕದಲಲಿಲ್ಲ. “ತಳ ತಿರುಗ್ಸಿ ನೋಡಿ, ಉಸ್ರಾಡಕ್ಕೆ ತೂತು ಮಡಗಿರ್ತಾರೆ.”

ಮೇಲ್ವಿಚಾರಕರು ಬೀಗ ತೆಗೆದು ಚೀಲ ತಿರುಗಿಸಿದರು. ತಳದ ತೊಗಲಿನಲ್ಲಿ ಸಾಲಾಗಿ ತೂತುಗಳಿದ್ದವು. ಹಳೆಯ ಚೀಟಿ ಹರಿದು, ಹೊಸದರಲ್ಲಿ ಬರೆಯಲು ತಾತನ ಹೆಸರು ಕೇಳಿದರು.

“ನನ್ನೆಸ್ರು ಯಾಕೆ, ಗೌರಿ ಅಂತ ಬರೀರಿ. ನನ್ ಕುದ್ರೆ. ನಾನು ಬಂದೆ, ಅವ್ಳು ಬರ್ನಿಲ್ಲ.”

ಆ ಸೋಮವಾರದ ಭಜನೆಯಲ್ಲಿ, ಯಾವಾಗಲೂ ಬಾಗಿಲ ಬಳಿ ಕೂರುತ್ತಿದ್ದ ತಾತನಿಗೇ ಮೊದಲ ಮಂಗಳಾರತಿ ಕೊಟ್ಟೆವು. ನಿಮ್ಮೂರಿನವರು ಯಾರಾದರೂ ಯುದ್ಧಕ್ಕೆ ಹೋಗಿದ್ದರೇ ಎಂದು ಕೇಳಿದರೆ, ನಾನು ಈಗಲೂ ಎದೆಯುಬ್ಬಿಸಿ ಇಬ್ಬರ ಹೆಸರು ಹೇಳುತ್ತೇನೆ.