ಸೋಮವಾರದ ನೊಗ

ಗುಂಡ್ಲುಪೇಟೆಯ ಲಾಯರ್ ರಾಚಯ್ಯ ಕೆಟ್ಟದ್ದು ಒಂದು ಜೀಪಿನ ಮುಂದಿನ ಸೀಟಿನಿಂದ. ಕೂಲಿಯವರ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನ ಮುದ್ದೆ ತಿಂದು ಕರಿಕೋಟು ತೊಟ್ಟವನು. ತೊಂಬತ್ತನಾಲ್ಕರಲ್ಲಿ ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹರದನಹಳ್ಳಿಯ ದೊಡ್ಡ ಕುಳ ಮರಿಮಲ್ಲಪ್ಪ ಜೀಪು ನಿಲ್ಲಿಸಿದ.

"ಬನ್ನಿ ಲಾಯರೇ, ನಾನೂ ಕೋರ್ಟಿಗೇ ಹೊಂಟಿವ್ನಿ. ಇಂದ್ಗಡೆ ಯಾಕೆ, ಮುಂದೆ ಕೂತ್ಕಳಿ."

ಅವತ್ತು ಚಾಮರಾಜನಗರದ ಕೋರ್ಟಿನಲ್ಲಿ ರಾಚಯ್ಯ ಪಾಟೀಸವಾಲು ಹಾಕಬೇಕಾಗಿದ್ದದ್ದು ಇದೇ ಮರಿಮಲ್ಲಪ್ಪನಿಗೆ. ರಾಚಯ್ಯನ ಕಕ್ಷಿಗಾರ್ತಿ, ಗಂಡ ಸತ್ತ ಮಂಚಮ್ಮನ ಒಂದೆಕರೆ ಹೊಲವನ್ನು, ಅವಳೇ ಹೆಬ್ಬೆಟ್ಟು ಒತ್ತಿ ಬರೆದುಕೊಟ್ಟಳು ಅಂತ ಕಾಗದ ತೋರಿಸಿ ನುಂಗಲು ಹೊರಟವನು ಅವನು. ಇಷ್ಟು ಗೊತ್ತಿದ್ದೂ ರಾಚಯ್ಯ ಹತ್ತಿದ. ದೊಡ್ಡವರ ಪಕ್ಕ ಕೂರುವ ಆಸೆ ಅವನ ಬುದ್ಧಿಗೆ ಮಂಕುಬೂದಿ ಎರಚಿತ್ತು. "ತ್ವಾಟ ನೋಡ್ಕಂಡು ಹೋಗನ, ಹತ್ತೇ ನಿಮಿಷ" ಅಂತ ಜೀಪು ಪುಣಜನೂರಿಗೆ ತಿರುಗಿತು. ತೋಟದಲ್ಲಿ ಬಾಟಲಿ ಬಂತು. ರಾಚಯ್ಯನಿಗೆ ಎಚ್ಚರವಾದಾಗ ಹೊತ್ತು ಬಾಡಿತ್ತು, ಜೀಪು ಇರಲಿಲ್ಲ. ಮರಿಮಲ್ಲಪ್ಪ ಒಬ್ಬನೇ ಕೋರ್ಟಿಗೆ ಹೋಗಿ, ಕೇಳುವವರಿಲ್ಲದೆ ಕೇಸು ಗೆದ್ದಿದ್ದ.

"ಲಾಯರು ನನ್ ಕೈಲವ್ನೆ ಕಣ್ಲಾ" ಅಂತ ಅವನೇ ಊರೂರಲ್ಲಿ ಸಾರಿದ. ರಾಚಯ್ಯನ ವಕೀಲಿ ಸನ್ನದು ಮೂರು ವರ್ಷ ಅಮಾನತಾಯಿತು.

ಆ ಮೂರು ವರ್ಷ ರಾಚಯ್ಯ ಹೆಂಡ ಮುಟ್ಟಲಿಲ್ಲ. ಮರಿಮಲ್ಲಪ್ಪ ಕೋರ್ಟಿನಲ್ಲಿ ಕೊಟ್ಟಿದ್ದ ಹೇಳಿಕೆಯ ನಕಲನ್ನು ಮಂತ್ರದ ಹಾಗೆ ದಿನಾ ಓದಿದ. 'ಹದಿನೈದನೇ ಮಾರ್ಚ್ ತೊಂಬತ್ತಮೂರರಂದು ಸ್ವತಃ ಎತ್ತು ಹೂಡಿ ಆರು ಕಟ್ಟಿ ಉಳುತ್ತಿದ್ದಾಗ ಮಂಚಮ್ಮ ಬದುವಿನ ಹತ್ತಿರ ಬಂದು ಹೆಬ್ಬೆಟ್ಟು ಒತ್ತಿದಳು.' ಒಂದು ದಿನ ಹಳೇ ಪಂಚಾಂಗ ತೆಗೆದು ಆ ತಾರೀಖು ನೋಡಿದವನು ಒಬ್ಬನೇ ಕೂತು ನಕ್ಕ.

ತೊಂಬತ್ತೆಂಟರಲ್ಲಿ ಮಂಚಮ್ಮನ ಅಪೀಲು ಗೆದ್ದು ಕೇಸು ಮರುವಿಚಾರಣೆಗೆ ಬಂತು. ರಾಚಯ್ಯ ಅವಳ ಜಗಲಿ ಮುಂದೆ ನಿಂತ. ಅವಳು ಒಳಗೆ ಕರೆಯಲಿಲ್ಲ.

"ಕೆಡಿಸ್ದೋನು ನೀನೇ. ಕಟ್ಟೋನೂ ನೀನೇ ಆಗು. ಈ ಸಲ ತಪ್ಪುದ್ರೆ ಪೊರಕೇಲಿ ಹೊಡಿತೀನಿ ಕಣಪ್ಪ."

ವಿಚಾರಣೆಯ ದಿನ ಮರಿಮಲ್ಲಪ್ಪ ತನ್ನ ಬಲ ತೋರಿಸಲು ಊರಿನ ಯಜಮಾನರನ್ನೆಲ್ಲ ಜೀಪಿಗೆ ತುಂಬಿಕೊಂಡು ಬಂದಿದ್ದ. ಅವನ ದೊಡ್ಡಪ್ಪ ಪುಟ್ಟಮಲ್ಲಪ್ಪ, ಹಣೆತುಂಬ ವಿಭೂತಿ ಇಟ್ಟ ಮುದುಕ, ಮುಂದಿನ ಬೆಂಚಿನಲ್ಲೇ ಕೂತಿದ್ದ.

ರಾಚಯ್ಯ ದನಿ ಏರಿಸಲಿಲ್ಲ. "ಅವತ್ತು ಆರು ಕಟ್ಟಿದ್ದು ಆಳುಗಳೋ, ನೀವೋ?"

"ನಾನೇ ಸ್ವಾಮಿ. ರೈತನ ಮಗ ನಾನು, ನಿಮ್ಮಂಗೆ ನೆರಳಲ್ಲಿ ಕೂತು ತಿನ್ನೋನಲ್ಲ."

ಕೋರ್ಟು ನಕ್ಕಿತು. ರಾಚಯ್ಯನೂ ನಕ್ಕ. "ತಾರೀಖು ಸರಿಯಾಗಿ ನೆನಪಿದೆಯಾ?"

"ಕಲ್ಲಲ್ಲಿ ಕೊರೆದಂಗೆ."

ರಾಚಯ್ಯ ಪಂಚಾಂಗವನ್ನು ಜಡ್ಜಿಗೆ ಕೊಟ್ಟು, ಸಾಕ್ಷಿಗಲ್ಲ, ಬೆಂಚಿನ ಮುದುಕನಿಗೆ ಕೇಳುವ ಹಾಗೆ ಹೇಳಿದ: "ಅವತ್ತು ಸೋಮವಾರ."

ನಗು ನಿಂತಿತು. ಸೋಮವಾರ ಬಸವನ ದಿನ. ಆ ಸೀಮೆಯಲ್ಲಿ ಸಾಯುವ ಬಡವನೂ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

"ಹೇಳಿ ಮರಿಮಲ್ಲಪ್ಪನವರೇ. ಸೋಮವಾರ ನೊಗ ಇಟ್ಟಿರಾ?"

ಮರಿಮಲ್ಲಪ್ಪ ದೊಡ್ಡಪ್ಪನ ಮುಖ ನೋಡಿದ. ಹೂಂ ಅಂದರೆ ಊರಿಲ್ಲ, ಊಹೂಂ ಅಂದರೆ ಹೊಲವಿಲ್ಲ. ರಾಚಯ್ಯ ಅವಸರ ಮಾಡಲಿಲ್ಲ; ಮೂರು ವರ್ಷ ಕಾದವನಿಗೆ ಮೂರು ನಿಮಿಷ ಯಾವ ಲೆಕ್ಕ. ಅವನ ಹಣೆಯ ಬೆವರನ್ನು ಒಂದೊಂದು ಹನಿಯಾಗಿ ನೋಡಿದ.

"ಇ... ಇಲ್ಲ ಸ್ವಾಮಿ. ಸೋಮ್ವಾರ ನಾವು ನೊಗ ಮುಟ್ಟಾಕಿಲ್ಲ."

"ಉಳಲಿಲ್ಲ. ಹೊಲಕ್ಕೆ?"

"ಓಗಿರ್ಲಿಲ್ಲ."

"ಹಾಗಾದರೆ ಹೆಬ್ಬೆಟ್ಟು ಒತ್ತಿದವರು ಯಾರು?"

ಮರಿಮಲ್ಲಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೊಲಕ್ಕೇ ಹೋಗಿರಲಿಲ್ಲ ಅಂದದ್ದನ್ನು ಜಡ್ಜು ಬರೆಸಿದರು.

ಹೊರಗೆ ಪುಟ್ಟಮಲ್ಲಪ್ಪ ತಮ್ಮನ ಮಗನ ಕಡೆ ತಿರುಗಲೂ ಇಲ್ಲ. "ಸುಳ್ಳು ಹೇಳಾಕೆ ನಿಂಗೆ ಬಸವಣ್ಣನ ಹೆಗಲೇ ಬೇಕಾಗಿತ್ತೇನ್ಲಾ?" ಅಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಉಳಿದ ಯಜಮಾನರೂ ಹಿಂದೆ ನಡೆದರು. ಮರಿಮಲ್ಲಪ್ಪ ಖಾಲಿ ಜೀಪು ಹತ್ತಿದ.

ರಾಚಯ್ಯ ಎದುರಿಗೇ ಹೋಗಿ ನಿಂತ. "ಮುಂದಿನ ಸೀಟು ಖಾಲಿ ಅದಲ್ಲ ಗೌಡ್ರೇ. ಯಾರನ್ನಾರೂ ಕೂರುಸ್ಕಳಿ."

ಜೀಪು ಧೂಳೆಬ್ಬಿಸಿ ಹೋಯಿತು. ಅದು ಮರೆಯಾಗುವವರೆಗೂ ನೋಡುತ್ತಿದ್ದವನ ಕೋಟಿನ ತೋಳನ್ನು ಮಂಚಮ್ಮ ಜಗ್ಗಿದಳು.

"ನೋಡಿದ್ದು ಸಾಕು. ಈ ಕೆಲ್ಸ ಅವತ್ತೇ ಮಾಡಿದ್ರೆ ನಾಕು ವರ್ಸ ಕಂಡೋರ ಹೊಲ್ದಲ್ಲಿ ಕಳೆ ಕೀಳ್ತಿರ್ಲಿಲ್ಲ ನಾನು. ನಡಿ, ಅವನು ಹೇಳಿದ್ದಕ್ಕೆ ನಕಲು ಅರ್ಜಿ ಹಾಕು, ಕಚೇರಿ ಮುಚ್ಚಾರು."

ರಾಚಯ್ಯ ತಲೆ ತಗ್ಗಿಸಿ ಅವಳ ಹಿಂದೆ ನಡೆದ.