ಗೆಳತಿಯ ಯೂನಿವರ್ಸಿಟಿಯಲ್ಲಿ ಒಂದು ಹಗಲು

ಆ ಸಲದ ರೇಷ್ಮೆಗೂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗಿಯಾಗಿತ್ತು. ಹುಳುಮನೆ ತೊಳೆದು, ಬ್ಲೀಚಿಂಗ್ ಪೌಡರ್ ನೀರು ಹೊಡೆದು ಬಾಗಿಲು ಹಾಕಿದ್ದೆವು. ಮುಂದಿನ ಮರಿಹುಳು ಬರಲು ನಾಲ್ಕು ದಿನವಿತ್ತು. ಹುಳು ಸಾಕುವವರಿಗೆ ಇಂಥ ಬಿಡುವು ಸಿಕ್ಕಿದರೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಅಷ್ಟರಲ್ಲಿ ಗೆಳತಿಯ ಫೋನ್ ಬಂತು.

“ಲೇ, ನಾಳಿಕ್ಕೆ ಬಂದೋಗಮ್ಮಿ. ಒಂದಿನ ಸುಮ್ನೆ ಕುಂತಿರಾನ.”

ಅವಳು ಅಜ್ಜೀಪುರದವಳು. ಕೊಳ್ಳೇಗಾಲದಲ್ಲಿ ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದು. ನಾನು ಅಲ್ಲಿಗೇ ಓದು ನಿಲ್ಲಿಸಿ ಧನಗೆರೆಗೆ ಸೊಸೆಯಾಗಿ ಬಂದೆ. ಅವಳೂ ಮದುವೆಯಾದಳು, ಮಗಳನ್ನು ಹೆತ್ತಳು, ಮನೆಯಲ್ಲೇ ಓದಿ ಡಿಗ್ರಿ ಪಾಸು ಮಾಡಿದಳು. ಆಮೇಲೆ ಮೂವತ್ತನಾಲ್ಕನೇ ವಯಸ್ಸಿಗೆ, ಯಾರೂ ಎಣಿಸದ ಹಾಗೆ, ಯೂನಿವರ್ಸಿಟಿಗೆ ಹೋಗಿ ಇತಿಹಾಸದ ಎಂ.ಎ.ಗೆ ಸೇರಿಬಿಟ್ಟಳು. ವಾರವೆಲ್ಲ ಹಾಸ್ಟೆಲು, ಶನಿವಾರ ಊರು. ಮಗಳನ್ನು ಅವಳ ಅತ್ತೆ ನೋಡಿಕೊಳ್ಳುತ್ತಿದ್ದರು.

ನನ್ನ ಗಂಡ, “ಓಗ್ಬುಟ್ಟು ಬಾ, ಒಂದಿನ ನಾನೇ ಬೇಯಿಸ್ಕತೀನಿ” ಅಂದರು. ಬೆಳಿಗ್ಗೆ ಎದ್ದು ಮುದ್ದೆ ಕಟ್ಟಿ, ಉಪ್ಸಾರು, ಖಾರ ಮಾಡಿ ಕ್ಯಾರಿಯರಿಗೆ ತುಂಬಿದೆ. ಹಿಂದಿನ ದಿನ ಎಳ್ಳು, ಬೆಲ್ಲ ಕುಟ್ಟಿ ಉಂಡೆ ಕಟ್ಟಿದ್ದ ಚಿಗಳಿಯನ್ನೂ ಒಂದು ಡಬ್ಬಿಗೆ ಹಾಕಿಕೊಂಡೆ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದಾಗ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಆಧಾರ್ ಕಾರ್ಡು ತೋರಿಸಿ ಟಿಕೆಟ್ ತೆಗೆದುಕೊಂಡೆ. ಯಳಂದೂರು ದಾಟಿದ ಮೇಲೆ ಎಡಗಡೆ ಬೆಟ್ಟದ ಸಾಲು ಬಹಳ ದೂರ ಜೊತೆಗೇ ಬಂತು. ಮನೆಯವರ ಬಟ್ಟೆಬರೆ, ಆಸ್ಪತ್ರೆ, ಮದುವೆ ಅಂತ ಯಾವ ಕೆಲಸವೂ ಇಲ್ಲದೆ ನಾನೊಬ್ಬಳೇ ಬಸ್ಸಿನಲ್ಲಿ ಕೂತದ್ದು ಯಾವ ಕಾಲದಲ್ಲೋ ನೆನಪಾಗಲಿಲ್ಲ.

ಗೇಟಿನಲ್ಲಿ ಅವಳನ್ನು ನೋಡಿ ಮೊದಲು ಗುರುತೇ ಸಿಗಲಿಲ್ಲ. ಚೂಡಿದಾರ, ಕಾಲಿಗೆ ಷೂ, ಬೆನ್ನಿಗೆ ಬ್ಯಾಗು.

“ಇದೇನೆ ನಿನ್ನ ವೇಷ?”

“ಸುಮ್ಕಿರಮ್ಮಿ, ಇಲ್ಲಿ ನಡಿಯದು ಜಾಸ್ತಿ. ಚಪ್ಲಿ ತಡೆಯಲ್ಲ” ಅಂತ ನನ್ನ ಕ್ಯಾರಿಯರ್ ಕಿತ್ತುಕೊಂಡಳು.

ಅವಳಿಗೆ ಆ ದಿನ ಒಂದೇ ಕ್ಲಾಸು, ಅದೂ ಮುಗಿದಿತ್ತು. ಲೈಬ್ರರಿಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ದೊಡ್ಡ ಪುಸ್ತಕವೊಂದರಲ್ಲಿ ಹೆಸರು, ಊರು ಬರೆಯಬೇಕಿತ್ತು. ‘ಬಂದ ಉದ್ದೇಶ’ ಅನ್ನುವಲ್ಲಿ ಏನು ಬರೆಯುವುದೆಂದು ನಿಂತೆ. ಅವಳು ಹಿಂದಿನಿಂದ, “ಓದಲು ಅಂತ ಬರಿ” ಅಂದಳು. ಬರೆದೆ. ಬರೆದ ಮೇಲೆ ಸುಮ್ಮನೆ ಕೂರುವುದು ಸರಿಯಲ್ಲವೆಂದು ಒಂದು ದಪ್ಪ ಪುಸ್ತಕ ತೆಗೆದುಕೊಂಡು ಅವಳೆದುರು ಕೂತೆ. ಮೂರು ಪುಟ ಓದಿದ್ದು ನೆನಪಿದೆ. ತಲೆಯ ಮೇಲೆ ಫ್ಯಾನು, ಸುತ್ತ ಒಂದು ಮಾತಿಲ್ಲ, ಹೊತ್ತು ಹೊತ್ತಿಗೆ ಸೊಪ್ಪು ಹಾಕಲು ಕರೆಯುವ ಹುಳುವಿಲ್ಲ. ಆಮೇಲೆ ಯಾರೋ ಭುಜ ಅಲುಗಿಸಿದರು.

“ಎದ್ದೇಳಮ್ಮಿ! ಗೊರಕೆ ಹೊಡಿತಾ ಇದ್ದೀಯ!”

ತಲೆ ಎತ್ತಿದರೆ ನಾಲ್ಕೈದು ಮೇಜಿನ ಮಕ್ಕಳೆಲ್ಲ ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು. ನಾವಿಬ್ಬರೂ ಹೊರಗೆ ಓಡಿ ಬಂದು ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಹಾಸ್ಟೆಲಿನ ಹಿಂದೆ ಹೊಂಗೆಮರದ ಕೆಳಗೆ ಊಟಕ್ಕೆ ಕೂತೆವು. ಅವಳು ಮುದ್ದೆ ಮುರಿದು ಖಾರಕ್ಕೆ ಒತ್ತಿ ನುಂಗಿದ ರೀತಿಗೇ ಗೊತ್ತಾಯಿತು, ಮೆಸ್ಸಿನ ಅನ್ನ ಎಷ್ಟು ಬೇಜಾರಾಗಿದೆಯೆಂದು. ಕೈ ತೊಳೆದವಳು ಬ್ಯಾಗಿನಿಂದ ಹಾಳೆಗಳನ್ನು ತೆಗೆದಳು. ಮುಂದಿನ ವಾರ ಎಲ್ಲರ ಮುಂದೆ ನಿಂತು ಮಾತಾಡಬೇಕಂತೆ. ವಿಷಯ, ನಮ್ಮ ಕಡೆಯ ಹಳೆಯ ಕೆರೆಗಳು. “ಓದ್ತೀನಿ, ಕೇಳು” ಅಂದಳು.

ಒಂದು ಪುಟ ಓದಿದಳು. ಎಲ್ಲ ಪುಸ್ತಕದ ಮಾತು. ಕೇಳಿದ್ದು ಕಿವಿಯಲ್ಲಿ ನಿಲ್ಲಲಿಲ್ಲ.

“ಹಾಳೆ ಮಡಗ್ಬುಟ್ಟು ಬಾಯಲ್ಲಿ ಹೇಳು” ಅಂದೆ.

ಅವಳ ಮುಖ ಸಣ್ಣಗಾಯಿತು. “ಅದೇ ಆಗಕಿಲ್ಲ ಕಣಮ್ಮಿ. ಹಿಂದ್ಲ ಸಲ ಹಂಗೇ ಮಾತಾಡಕ್ ನಿಂತೆ. ‘ನೀರು ಹೋಗುತ್ತದೆ’ ಅನ್ನಕ್ಕೆ ಬಾಯಿ ತಪ್ಪಿ ‘ನೀರು ಓಯ್ತದೆ’ ಅಂದ್ಬುಟ್ಟೆ. ಹಿಂದೆ ಯಾರೋ ನಕ್ಕರು. ನಂಗೇ ನಕ್ಕರೋ, ಬ್ಯಾರೆ ಯಾತುಕ್ಕೋ. ಅಲ್ಲೇ ನಿಂತೋಯ್ತು ಮಾತು.” ಹಾಳೆಗಳನ್ನು ಮಡಚುತ್ತಾ ಹೇಳಿದಳು: “ಬುಟ್ಬುಟ್ಟು ಊರಿಗೆ ಓಗ್ಬುಡಾನ ಅನ್ಕಂಡಿದ್ದೀನಿ. ಅದ್ಕೇ ನಿನ್ನ ಕರ್ದಿದ್ದು.”

ಸುಮ್ಮನೆ ಕೂರಲು ಕರೆದಿದ್ದಾಳೆಂದು ನಂಬಿ ಬಂದವಳು ನಾನು. ಬುದ್ಧಿ ಹೇಳಲು ನನಗೆ ಏನು ಗೊತ್ತು? ಅಷ್ಟರಲ್ಲಿ ಮೂವರು ಹುಡುಗಿಯರು ಬಕೆಟ್ ಹಿಡಿದು ಬಟ್ಟೆ ಒಣಹಾಕಲು ಬಂದರು. ತೋಚಿದ್ದನ್ನು ಮಾಡಿದೆ.

“ಬನ್ರಮ್ಮ, ಕುಂತ್ಕಳಿ. ಈ ನಿಮ್ಮಕ್ಕ ಕೆರೆ ಕತೆ ಹೇಳ್ತಾಳೆ. ಕೇಳ್ದೋರಿಗೆ ಚಿಗಳಿ ಕೊಡ್ತೀನಿ.”

ಅವರು ಬಕೆಟ್ ಇಟ್ಟು ಕೂತೇಬಿಟ್ಟರು. ಗೆಳತಿ ನನ್ನನ್ನು ದುರುಗುಟ್ಟಿ ನೋಡಿದಳು.

“ನಿಮ್ ತಾತ ನೀರಗಂಟಿ ಅಲ್ವಾ? ಅವ್ರಿಂದಾನೆ ಸುರು ಮಾಡು” ಅಂದೆ.

ಊರಿನ ಗದ್ದೆಗಳಿಗೆ ಕೆರೆಯ ನೀರು ಹಂಚುವವನೇ ನೀರಗಂಟಿ. ಅವಳು ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ತೊಡಗಿದಳು. ತಾತ ಬೆಳಗಿನ ಜಾವ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದುದು, ನೆಲಕ್ಕೆ ಕೋಲು ನೆಟ್ಟು ನೆರಳು ನೋಡಿ ಒಬ್ಬರ ಗದ್ದೆಯಿಂದ ಇನ್ನೊಬ್ಬರದಕ್ಕೆ ನೀರು ತಿರುಗಿಸುತ್ತಿದ್ದುದು, ಬೇಸಿಗೆಯಲ್ಲಿ ಊರವರೆಲ್ಲ ಸೇರಿ ಹೂಳು ಎತ್ತುತ್ತಿದ್ದುದು. ಹೇಳುತ್ತಾ ಹೇಳುತ್ತಾ ಎದ್ದು ನಿಂತಳು, ತಾತನ ಹಾಗೆಯೇ ಸೊಂಟಕ್ಕೆ ಕೈಯಿಟ್ಟಳು. ‘ಓಯ್ತದೆ’ ಎಷ್ಟು ಸಲ ಬಂತೋ. ಯಾರೂ ನಗಲಿಲ್ಲ. ಒಬ್ಬಳು, “ಜಗಳ ಆಗ್ತಿರ್ಲಿಲ್ವಾ ಅಕ್ಕಾ?” ಅಂದಳು.

“ಅಯ್ಯೋ, ಆಗ್ದೆ ಇರ್ತದಾ!” ಅಂತ ಇವಳು ಮತ್ತೆ ಹತ್ತು ನಿಮಿಷ ಹೇಳಿದಳು. ಬಟ್ಟೆ ಬಕೆಟ್‌ನಲ್ಲೇ ಉಳಿಯಿತು, ಚಿಗಳಿ ಖಾಲಿಯಾಯಿತು.

“ಇದು ನಿಮ್ಮ ಹಾಳೆಯಲ್ಲಿ ಇದೆಯಾ ಅಕ್ಕಾ?” ಎಂದು ಕನ್ನಡಕದ ಹುಡುಗಿ ಕೇಳಿದಳು.

ಇರಲಿಲ್ಲ. ಗೆಳತಿ ಅಲ್ಲೇ ಕೂತು ಹಾಳೆಯ ಹಿಂಬದಿಯಲ್ಲಿ ಬರೆಯತೊಡಗಿದಳು. ನಾಲ್ಕು ಗಂಟೆಯ ಬಸ್ಸಿಗೆ ನನ್ನನ್ನು ಹತ್ತಿಸಲು ಬಂದಾಗಲೂ ಪೆನ್ನು ಕೈಯಲ್ಲೇ ಇತ್ತು. ಊರಿಗೆ ಹೋಗಿಬಿಡುವ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮರುವಾರ ನಾನು ಸೊಪ್ಪು ಕತ್ತರಿಸುತ್ತಿದ್ದಾಗ ಫೋನ್ ಮಾಡಿದಳು. ಎಲ್ಲರ ಮುಂದೆ ಮಾತಾಡುವಾಗ ಕೈ ತಗುಲಿ ಮೇಜಿನ ಮೇಲಿದ್ದ ನೀರಿನ ಲೋಟ ಉರುಳಿತಂತೆ. ಆದರೂ ನಿಲ್ಲಿಸದೆ ಮುಗಿಸಿದಳಂತೆ. ಮೇಷ್ಟ್ರು ಕೇಳಿದ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. “‘ಊರಲ್ಲಿ ಕೇಳ್ಕಂಡು ಬಂದು ಹೇಳ್ತೀನಿ ಸಾ’ ಅಂದೆ. ‘ಕೇಳ್ಕೊಂಡು ಬನ್ನಿ, ಬರ್ಕೊಂಡೂ ಬನ್ನಿ’ ಅಂದ್ರು ಕಣಮ್ಮಿ!”

ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ. ಶನಿವಾರ, ಭಾನುವಾರ ಒಡೆಯರಪಾಳ್ಯದ ಕಡೆಯ ಹಳ್ಳಿಗಳನ್ನು ಸುತ್ತಿ ವಯಸ್ಸಾದವರ ಮಾತು ಫೋನಿನಲ್ಲಿ ಹಿಡಿದುಕೊಂಡು ಬರುತ್ತಾಳೆ. ಮಗಳೂ ಸ್ಕೂಟರಿನ ಹಿಂದೆ ಕೂರುತ್ತಾಳಂತೆ. ನಾನು ಫೋನ್ ಮಾಡಿದರೆ ಮಾತ್ರ, “ಆಮೇಲ್ ಮಾಡ್ತೀನಿ, ಕೆಲ್ಸದಲ್ಲಿವ್ನಿ” ಅಂತ ಇಟ್ಟುಬಿಡುತ್ತಾಳೆ.